ಅವ್ವನ ಮಂಚ ಮತ್ತ ಆ ಪಕ್ಕಾ ಬಿಲ್ಲು

ಅವ್ವಗ ಈಗ 71 ವರ್ಷ. ಮೊಳಕಾಲು ಎರಡೂ ಸವದಾವ, ನೆಲದ ಮ್ಯಾಲ ಕುಂದರೂದು ಏಳೂದು ಪೂರ್ತಿ ಬಂದ್ ಮಾಡ್ಬೇಕು ಅಂತ ಡಾಕ್ಟರ್ ಹೇಳಿದ್ರು, ಅದಕ್ಕ 2024ರ ಜನವರ್ಯಾಗ ಇಂಡಿ ಕಡೆ ನಮ್ಮ ಹಳ್ಳಿಯಿಂದ ಆಕಿನ್ನ ವಿಜಯಪುರಕ್ಕ ಕರ್ಕೊಂಡು ಬಂದೆ. ಆಕಿ ಜೀವನಪೂರ್ತಿ ನೆಲಕ್ಕ ಕೌದಿ ಹಾಸ್ಕೊಂಡು ಮಲಗಿದಾಕಿ. ಹಳ್ಳಿ ಮನ್ಯಾಗ ಒಂದು ಬೇವಿನ ಮಂಚ ಇತ್ತು ಖರೆ, ಊರ ಬಡಿಗ್ಯಾರು ಆಯದ ಜ್ವಾಳಕ್ಕ, ಅಂದ್ರ ರೊಕ್ಕದ ಬದಲಿ ಕೊಡೂ ಕಾಳಿಗೆ, ಮಾಡಿಕೊಟ್ಟಿದ್ದು, ಆದ್ರ ಅದು ಅಪ್ಪಂದು, ಅಪ್ಪ ಹೋದ ಮ್ಯಾಲೂ ಆಕಿ ಅದರ ಮ್ಯಾಲ ಮಲಗಲಿಲ್ಲ. ಹಂಗಾಗಿ ಅವ್ವನ ಸಲುವಾಗಿ ಅಂತನ ಒಂದು ಮಂಚ ತರೂದು ನನಗ ಸಣ್ಣ ವಿಷಯ ಆಗಿರಲಿಲ್ಲ.

ಆಗ ಸಿದ್ಧೇಶ್ವರ ಜಾತ್ರಿ ನಡದಿತ್ತು, ಊರ ತುಂಬ ಜನ, ಅಂಗಡ್ಯಾಗೆಲ್ಲ ಸಂಕ್ರಾಂತಿ ಆಫರ್ ಬೋರ್ಡು. ಊರಾಗಿನ ಒಂದು ದೊಡ್ಡ ಫರ್ನಿಚರ್ ಶೋರೂಮಿಗೆ ನಾನು ನನ್ನ ಹೆಂಡ್ತಿ ಹೋದ್ವಿ, ಹೆಸರು ಬರಿಯೂದಿಲ್ಲ, ಈಗ ಆ ವ್ಯವಹಾರ ಮುಗದದ. ಕೆಳಗ ಸಾಮಾನು ಇಡಾಕ ಬಾಕ್ಸ್ ಇರೂ ಸಿಂಗಲ್ ಮಂಚ ತೋರಿಸಿದ್ರು, ಬಣ್ಣ ಛಲೋ, ಪಾಲಿಶ್ ಛಲೋ, ಕೈ ಆಡಿಸಿದ್ರ ನುಣ್ಣಗ. ಸೇಲ್ಸ್ ಹುಡುಗ ಮೂರು ಸಲ ಹೇಳಿದ, ಸರ್ ಇದು ಸಾಗವಾನಿ, ನಿಮ್ಮ ಮೊಮ್ಮಕ್ಕಳ ತನಕ ಬರ್ತದ ಅಂತ. ರೇಟು 28,000, ಪಕ್ಕಾ ಬಿಲ್ ಬೇಕಂದ್ರ 18 ಪರ್ಸೆಂಟ್ ಜಿಎಸ್‌ಟಿ ಸೇರಿ 33,040, ಸುಮ್ಮ ಯಾಕ ಸರ್ 5,000 ಹೆಚ್ಚು ಕೊಡ್ತೀರಿ, ಎಸ್ಟಿಮೇಟ್ ಚೀಟಿ ಮ್ಯಾಲ ಒಯ್ಯ್ರಿ ಅಂದ. ನಾನು ಹೂಂ ಅನ್ನಾಂವ ಇದ್ದೆ. ನನ್ನ ಹೆಂಡ್ತಿ ಬಿಡಲಿಲ್ಲ, ಮುಂದ ಏನರ ಆದ್ರ ಆ ಚೀಟಿ ಹಿಡ್ಕೊಂಡು ಯಾರ ಮುಂದ ಹೋಗೂದು ಅಂತ ಕೇಳಿದ್ಳು, ಅಷ್ಟ ಅಲ್ಲ, ಬಿಲ್ಲಿನ್ಯಾಗ ಬರೇ ಕಾಟ್ ಅಂತ ಬರದಿದ್ದಕ್ಕ ಟೀಕ್ ವುಡ್ ಕಾಟ್ ಅಂತ ತಿದ್ದಿಸಿದ್ಳು. ಆ ಎರಡು ಶಬ್ದ ಇರಲಿಲ್ಲಂದ್ರ ಇವತ್ತು ನಾ ಇದನ್ನ ಬರಿಯಾಕ ಕುಂದರತಿರಲಿಲ್ಲ.

ಮಂಚ ಬಂತು. ಇಬ್ಬರು ಹುಡುಗರು ಬಂದು ಅಲೆನ್ ಕೀ ಹಿಡ್ಕೊಂಡು 20 ನಿಮಿಷದಾಗ ಜೋಡಿಸಿ ಹೋದ್ರು. ಅವ್ವ ಮೊದಲ ಎರಡು ದಿನ ಬೀಳ್ತೀನಿ ಅಂತ ಅಂಜಿ ಗ್ವಾಡಿ ಕಡೆ ಹೊಳ್ಳಿ ಮಲಗಿದ್ಳು, ಆಮ್ಯಾಲ ರೂಢಿ ಆತು.

ನಮ್ಮ ಕಡೆ ಬ್ಯಾಸಿಗಿ ಹೆಂಗ ಅಂತ ಎಲ್ಲಾರಿಗೂ ಗೊತ್ತದ, ಏಪ್ರಿಲ್ ಬಂತಂದ್ರ 40 ಡಿಗ್ರಿ ದಾಟತದ, ಕೂಲರ್ ಇಲ್ಲದ ಮನ್ಯಾಗ ಮಲಗಾಕ ಆಗೂದಿಲ್ಲ. ಅವ್ವನ ಖೋಲ್ಯಾಗ ಕೂಲರ್ ಇಟ್ವಿ, ಅದರ ನೀರು ಒಂದಿಷ್ಟು ನೆಲಕ್ಕ ಸೋರತಿತ್ತು, ಒರಸ್ತಿದ್ವಿ. ಏಪ್ರಿಲ್ ಕೊನಿಗೆ ಮಂಚದ ಕಾಲಿನ ಬುಡ ದಪ್ಪ ಆದಂಗ ಕಾಣಾಕ ಹತ್ತಿತು, ಅಂಚಿನ ಪಟ್ಟಿ ಬಿಚ್ಚಿತ್ತು, ಒಳಗ ನೋಡಿದ್ರ ನೀರಾಗ ನೆನೆದ ಕಟಕರೊಟ್ಟಿ ಹಂಗ ಉಬ್ಬಿತ್ತು. ಅಷ್ಟೊತ್ತಿಗೆ ಹೊಳ್ಳಿದ್ರ ಸಾಕು ಕಿರ್ ಕಿರ್ ಅನ್ನೂದು. ಎರಡು ಸಲ ಫೋನ್ ಮಾಡಿದೆ, ಟೆಕ್ನಿಷಿಯನ್ ಕಳಸ್ತೀವಿ ಸರ್ ಅಂದ್ರು. ಒಬ್ಬಾಂವ ಬಂದ, ಫೆವಿಕಾಲ್ ಸುರುವಿ, ಹಳೆ ಸ್ಕ್ರೂ ತಗದು ಒಂದು ಸೈಜ್ ದೊಡ್ಡ ಸ್ಕ್ರೂ ತಿರುವಿ ಹೋದ.

ಮೇ ತಿಂಗಳ ಎರಡನೇ ವಾರ, ನಸಿಕಿನ್ಯಾಗ ಧಡ್ ಅಂತ ಸಪ್ಪಳ ಆತು. ಓಡಿ ಹೋಗಿ ನೋಡಿದ್ರ ಮಂಚದ ಒಂದು ಬದಿ ಕಳಚಿ, ಹಲಗಿ ಕೆಳಗ ಇಳದು, ಅವ್ವ ಗಾದಿ ಸಮೇತ ವಾಲಿ ಬಿದ್ದಿದ್ಳು. ದೇವರ ದಯೆ, ಎಲುಬು ಮುರದಿರಲಿಲ್ಲ, ಚಪ್ಪಿಗೆ ಪೆಟ್ಟಾಗಿತ್ತು, ಹತ್ತು ದಿನ ಕಂದಗಟ್ಟಿತ್ತು. ಆದ್ರ ಆ ದಿನದಿಂದ ಅವ್ವ ಮಂಚದ ಹತ್ರ ಹೋಗಲಿಲ್ಲ. ಮತ್ತ ನೆಲಕ್ಕ ಕೌದಿ. ಮುಂಜಾನೆ ಏಳಾಕ ಕಿಟಕಿ ಸರಳು ಹಿಡ್ಕೊಂಡು, ಒಂದು ಸಲ ಜಗ್ಗಿ ಕುಂತು, ಇನ್ನೊಂದು ಸಲ ಜಗ್ಗಿ ನಿಂದ್ರತಿದ್ಳು, ಆ ಸರಳಿನ ಸಪ್ಪಳ ನನ್ನ ಖೋಲಿಗೆ ಕೇಳತಿತ್ತು. ನನಗ ಸಿಟ್ಟು ಬಂದದ್ದು ರೊಕ್ಕಕ್ಕಲ್ಲ, ಆ ಸಪ್ಪಳಕ್ಕ.

ನಮ್ಮ ಓಣಿ ತುದಿಗೆ ಒಬ್ಬ ಬಡಿಗೇರ ಕಾಕಾ ಅದಾರ, ಅವರನ್ನ ಕರದು ತೋರಿಸಿದೆ. ಅವರು ಮಂಚ ಡಬ್ಬ ಹಾಕಿಸಿ, ಪಾಲಿಶ್ ಇಲ್ಲದ ಕೆಳಗಿನ ಬದಿ ಉಳಿ ತುದೀಲೆ ಕೆರದ್ರು, ಹೊಟ್ಟು ಉದುರಿತು. ಇದು ಪಾರ್ಟಿಕಲ್ ಬೋರ್ಡ್ ತಮ್ಮಾ, ಕಟಿಗಿ ಪುಡಿ ಅಂಟಿನ್ಯಾಗ ಕಲಸಿ ಒತ್ತಿದ್ದು, ಮ್ಯಾಲ ಸಾಗವಾನಿ ಬಣ್ಣದ ಹಾಳಿ ಹಚ್ಯಾರ ಅಂದ್ರು. ಇದಕ್ಕ ನೀರು ತಾಗಿದ್ರ ಪುಡಿ ಉಬ್ಬತದ, ಅಂಟು ಬಿಡತದ, ಒಣಗಿದ ಮ್ಯಾಲೂ ಮೊದಲಿನಂಗ ಆಗೂದಿಲ್ಲ. ಸ್ಕ್ರೂ ಒಮ್ಮೆ ಕಿತ್ತು ಬಂತಂದ್ರ ಆ ತೂತಿನ್ಯಾಗ ಹೊಳ್ಳಿ ಹಿಡಿಯೂದಿಲ್ಲ, ದೊಡ್ಡ ಸ್ಕ್ರೂ ಹಾಕಿದ್ರ ಇನ್ನಷ್ಟು ಒಡದು ಹೋಗತದ, ಅಂದ್ರ ಅಂಗಡಿ ಹುಡುಗ ಮಾಡಿ ಹೋದ ರಿಪೇರಿನ ಬೀಳೂದನ್ನ ಹತ್ರ ತಂದಿತ್ತು. ಖರೆ ಕಟಿಗಿ ಹೆಂಗ ನೋಡೂದು ಕಾಕಾ ಅಂದೆ. ಮ್ಯಾಲಿನ ಗೆರಿ ಅಂಚಿಗೆ ಬಂದು ಹೊಳ್ಳಿ ಕೆಳಗ ಇಳಿಬೇಕು, ಕೊಯ್ದ ತುದ್ಯಾಗ ವರ್ಷದ ಬಳಿ ಕಾಣ್ಬೇಕು, ಒಂದ ಗೆರಿ ಚಿತ್ರ ಎರಡು ಹಲಗಿ ಮ್ಯಾಲ ಅಚ್ಚೊತ್ತಿದಂಗ ಬಂತಂದ್ರ ಅದು ಕಟಿಗಿ ಅಲ್ಲ, ಹಾಳಿ. ಅಂಗಡ್ಯಾಗ ಯಾರೂ ಡಬ್ಬ ಹಾಕಿ ನೋಡೂದಿಲ್ಲ ಅನ್ನೂದು ಮಾರಾವರಿಗೆ ಗೊತ್ತದ ಅಂದ್ರು. ಪಾರ್ಟಿಕಲ್ ಬೋರ್ಡ್ ಅಂದ್ರ ಕೆಟ್ಟದ್ದು ಅಂತ ನಾ ಅನ್ನೂದಿಲ್ಲ, ಕಡಿಮಿ ರೇಟಿಗೆ ಪುಸ್ತಕದ ಕಪಾಟು, ಟಿವಿ ಸ್ಟ್ಯಾಂಡು ಅದರಾಗ ಮಾಡ್ತಾರ, ನೀರು ತಾಗದ ಜಾಗಾದಾಗ ಬಾಳಕಿನೂ ಬರತದ. ಸಾಗವಾನಿ ಅಂತ ಹೇಳಿ ಅದನ್ನ ಮಾರೂದು ಮೋಸ.

ಅಂಗಡಿಗೆ ನಾಲ್ಕು ಸಲ ಹೋದೆ. ಮೊದಲ ಸಲ ಮ್ಯಾನೇಜರ್ ಇರಲಿಲ್ಲ. ಎರಡನೇ ಸಲ ಕಂಪನಿಗೆ ಮೇಲ್ ಮಾಡೀವಿ ಸರ್, ಬರೂ ಸೋಮವಾರ ಅಂದ್ರು. ಮೂರನೇ ಸಲ ಸೋಮವಾರ ಹೋಗಿ ಎರಡು ತಾಸು ಕುಂತೆ, ಗಿರಾಕಿ ಬಂದಾಗೆಲ್ಲ ನನ್ನ ಬಿಟ್ಟು ಅವರ ಕಡೆ ಹೋಗ್ತಿದ್ರು. ನಾಲ್ಕನೇ ಸಲ ಫೋಟೊ ನೋಡಿ ಮ್ಯಾನೇಜರ್, ನೀರು ತಾಗೇದ ಸರ್, ವಾಟರ್ ಡ್ಯಾಮೇಜಿಗೆ ವಾರಂಟಿ ಬರೂದಿಲ್ಲ, ಮತ್ತ ಬಿಲ್ಲಿನ ಕೆಳಗ ನೋಡ್ರಿ ಒಮ್ಮೆ ಮಾರಿದ ಮಾಲು ವಾಪಸ್ ತಗೊಳ್ಳೂದಿಲ್ಲ ಅಂತ ಬರದೀವಿ ಅಂದ. ಅವತ್ತು ನನಗ ಉತ್ತರ ಹೊಳೀಲಿಲ್ಲ, ಮನಿಗೆ ಬಂದು ರಾತ್ರಿ ನಿದ್ದಿ ಇಲ್ಲದ ಮಲಗಿದಾಗ ಹೊಳೀತು. ಕೂಲರಿನ ನಾಲ್ಕು ಹನಿ ನೀರಿಗೆ ಸಾಗವಾನಿ ಹಿಂಗ ಉಬ್ಬತದೇನು? ಅದರಾಗ ಎಣ್ಣಿ ಅಂಶ ಇರತದಂತನ ಹಡಗಿಗೆ ಹಾಕ್ತಾರ. ನೀರು ತಾಗಿ ಉಬ್ಬೇದ ಅಂತ ಅವರ ಬಾಯಿಂದನ ಬಂತಂದ್ರ ಅದು ಸಾಗವಾನಿ ಅಲ್ಲ ಅಂತ ಅವರ ಒಪ್ಪಿದಂಗ ಆತು. ಎದ್ದು ಕುಂತು ಅದನ್ನ ಒಂದು ಹಾಳ್ಯಾಗ ಬರದಿಟ್ಟೆ.

ಮರುದಿನ 1915ಕ್ಕ ಫೋನ್ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಾಗ ಮಾತಾಡಿದ್ರು, ದೂರು ಬರ್ಕೊಂಡು ನಂಬರ್ ಕೊಟ್ರು. ಅಂಗಡಿ ಕಡಿಂದ ಅದಕ್ಕ ಉತ್ತರ ಬರಲಿಲ್ಲ, ಆದ್ರ ಮುಂದ ಏನು ಮಾಡ್ಬೇಕು ಅನ್ನೂದು ನನಗ ಅಲ್ಲಿಂದ ತಿಳೀತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು, 2020ರ ಜುಲೈ 20ರಿಂದ ಜಾರಿ ಆಗೇದ. ದೋಷ ಇರೂ ಮಾಲನ್ನ ಬಿಲ್ಲಿನ್ಯಾಗ ಹೇಳಿದ ಅವಧಿ ಒಳಗ, ಅವಧಿ ಬರದಿರದಿದ್ರ 30 ದಿನದ ಒಳಗ, ವಾಪಸ್ ತಗೊಳ್ಳಾಕ, ರೊಕ್ಕ ತಿರಗಿ ಕೊಡಾಕ ಒಲ್ಲೆ ಅನ್ನೂದು ಆ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ, ಬಿಲ್ ಕೊಡದ ಇರೂದೂ ಅದರಾಗ ಬರತದ. ಜಿಲ್ಲಾ ಗ್ರಾಹಕ ಆಯೋಗಕ್ಕ ನಾವು ಇರೂ ಊರಿಂದನ ದೂರು ಕೊಡಬಹುದು, ವಕೀಲರು ಬೇಕ ಬೇಕು ಅಂತಿಲ್ಲ, 5 ಲಕ್ಷದ ತನಕದ ಖರೀದಿಗೆ ಫೀ ಇಲ್ಲ, ಎರಡು ವರ್ಷದ ಒಳಗ ಹೋಗ್ಬೇಕು. ಆಗ ಇ-ದಾಖಿಲ್ ಪೋರ್ಟಲ್ ಇತ್ತು, ಈಗ ಇ-ಜಾಗೃತಿ ಆಗೇದ, ಮನ್ಯಾಗ ಕುಂತ ಫೈಲ್ ಮಾಡಬಹುದು. ನಾಲ್ಕು ಮಂದಿ ನನಗ ಹೋಗ್ಲಿ ಬಿಡ್ರಿ, ಅಂಗಡಿಯವರ ಜೋಡಿ ಯಾರು ಹತ್ತಲಿ ಅಂದ್ರು, ಅವ್ವನೂ ಹಂಗ ಅಂದ್ಳು. ನಾ ಬಿಡಲಿಲ್ಲ.

ನೋಟಿಸು ನಾನ ಬರದೆ, ಎರಡು ಪುಟ, ಕನ್ನಡದಾಗ. ಏನೇನು ತಾರೀಖಿಗೆ ಏನೇನಾತು, ಯಾರು ಏನಂದ್ರು, ಬಿಲ್ಲಿನ್ಯಾಗ ಟೀಕ್ ವುಡ್ ಅಂತ ಅದ, ಒಳಗ ಏನದ, ನೀರಿಗೆ ಉಬ್ಬಿದ್ದಕ್ಕ ಕಾರಣ ಏನು, ಇಷ್ಟು. ಬೈಗುಳ ಒಂದೂ ಇಲ್ಲ. ಬಿಲ್ಲಿನ ಝೆರಾಕ್ಸ್, ಐದು ಫೋಟೊ, ಬಡಿಗೇರ ಕಾಕಾ ಸಹಿ ಮಾಡಿಕೊಟ್ಟ ಒಂದು ಚೀಟಿ ಹಚ್ಚಿ, 15 ದಿನದಾಗ ಪೂರ್ತಿ ರೊಕ್ಕ ಕೊಡಲಿಲ್ಲಂದ್ರ ಆಯೋಗಕ್ಕ ಹೋಗ್ತೀನಿ ಅಂತ ಸ್ಪೀಡ್ ಪೋಸ್ಟ್ ಮಾಡಿದೆ.

ಎಂಟನೇ ದಿನ ಮಾಲಕರ ಫೋನು. ಐದು ತಿಂಗಳದಾಗ ಅವರ ದನಿ ಕೇಳಿದ್ದು ಅದ ಮೊದಲು. ಮಂಚ ಬದಲಿ ಕೊಡ್ತೀನಿ, ಮ್ಯಾಲ 8,000 ಹಾಕಿದ್ರ ಇನ್ನೂ ಛಲೋದು ಒಯ್ಯ್ರಿ ಅಂದ್ರು. ಹೋಗಿ ನೋಡಿದೆ, ಡಬ್ಬ ಹಾಕಿಸಿದೆ, ಅದೂ ಅದ ಹೊಟ್ಟಿನ ಹಲಗಿ. ನಾವೂ ಹೊರಗಿಂದ ತರಸ್ತೀವಿ, ನಮಗೂ ಟೀಕ್ ಅಂತನ ಹೇಳಿ ಕಳಸ್ತಾರ್ರೀ ಅಂದ್ರು ಮಾಲಕರು. ಇರಬಹುದು. ಆದ್ರ ಅವರು ತಮಗ ಮಾರಿದಾವರನ್ನ ಹಿಡಿದು ಕೇಳಬಲ್ಲರು, ನಮ್ಮ ಅವ್ವ ಯಾರನ್ನ ಕೇಳ್ಬೇಕು? ಇದನ್ನ ಅವರ ಮುಂದನ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮ ಕುಂತು, ಅಕೌಂಟ್ ನಂಬರ್ ಬರದು ಕೊಡ್ರಿ ಅಂದ್ರು. ಜುಲೈ ಮೊದಲ ವಾರದಾಗ 33,040 ಪೂರ್ತಿ ಬಂತು, ಟೆಂಪೊ ಬಂದು ಮಂಚ ಒಯ್ತು. ಅದು ನಿಂತಿದ್ದ ಜಾಗಾದಾಗ ಒಂದು ಮುಟಿಗಿ ಹೊಟ್ಟು ಉಳದಿತ್ತು.

ಆ ರೊಕ್ಕ ಒಯ್ದು ಬಡಿಗೇರ ಕಾಕಾನ ಕೈಯಾಗ ಕೊಟ್ಟೆ. ಹೊಸಾ ಸಾಗವಾನಿ ಬ್ಯಾಡ, ಹಸಿ ಇದ್ರ ನಮ್ಮ ಬಿಸಲಿಗೆ ಸೀಳತದ, ಹಳೆ ಮನಿ ಕೆಡವಿದ ತೊಲಿ ಸಿಗತಾವ, ಅವು ಒಣಗಿ ಒಣಗಿ ಗಟ್ಟಿ ಆಗಿರ್ತಾವ, ಅದರಾಗ ಮಾಡ್ತೀನಿ ಅಂದ್ರು. ಮನಿಗೆ ಬಂದು ಅವ್ವನ್ನ ಕುರ್ಚಿ ಮ್ಯಾಲ ಕುಂದರಿಸಿ ಮೊಳಕಾಲಿಂದ ಹಿಮ್ಮಡಿ ತನಕ ದಾರ ಹಿಡಿದು ಅಳತಿ ತಗೊಂಡ್ರು, ಗಾದಿ ದಪ್ಪ ಕಳದು ಮಂಚದ ಎತ್ತರ ಅಷ್ಟ ಇಡ್ತೀನಿ, ಕಾಲು ನೆಲಕ್ಕ ಊರಿ ಏಳಾಕ ಬರ್ಬೇಕು ಅಂದ್ರು. ಶೋರೂಮಿನ್ಯಾಗ ಇದನ್ನ ಯಾರೂ ಕೇಳಿರಲಿಲ್ಲ, ನಾನೂ ವಿಚಾರ ಮಾಡಿರಲಿಲ್ಲ.

ಪಂಚಮಿ ಮುಗದು ಒಂದು ವಾರಕ್ಕ ಮಂಚ ಬಂತು, ಪಾಲಿಶ್ ಇಲ್ಲ, ಎಣ್ಣಿ ಒರಸಿದ್ದು ಅಷ್ಟ, ನಾಲ್ಕು ಮಂದಿ ಹೊತ್ತು ತಂದ್ರು. ಅವ್ವ ಮೊದಲ ದಿನ ಬರೇ ಕುಂತು ನೋಡಿದ್ಳು, ಕಾಲು ಅಳ್ಳಾಡಿಸಿ ನೋಡಿದ್ಳು, ರಾತ್ರಿ ನೆಲಕ್ಕನ ಮಲಗಿದ್ಳು. ಮೂರನೇ ರಾತ್ರಿ ಕೌದಿ ಮಂಚದ ಮ್ಯಾಲ ಹಾಸಿದ್ದು ಕಂಡೆ. ಮರುದಿನ ಮುಂಜಾನೆ ಕಿಟಕಿ ಸರಳಿನ ಸಪ್ಪಳ ಕೇಳಲಿಲ್ಲ ಅಂತ ಗಾಬರಿ ಆಗಿ ಹೋಗಿ ನೋಡಿದ್ರ, ಆಕಿ ಎದ್ದು ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕುಂತು ಮೆಂತೆ ಪಲ್ಯಾ ಸೋಸಾಕ ಹತ್ತಿದ್ಳು.