ಸೀಲಿನ ತಪ್ಪಲ್ಲ, ಉಸಿರು ಕಟ್ಟಿತ್ತು

ನಮ್ಮ ಜಿಪ್ಸಿ ಜೀಪು ನಿಲ್ಲಿಸುವಲ್ಲಿ ಯಾವಾಗಲೂ ಒಂದು ಅಡಿಕೆ ಹಾಳೆ ಹಾಸಿರುತ್ತಿದ್ದೆ. ಅಡಿಕೆ ಒಣಗಿಸುವ ಅಂಗಳಕ್ಕೆ ಆಯಿಲ್ ಬಿದ್ದರೆ ಅಪ್ಪನಿಗೆ ಆಗುವುದಿಲ್ಲ. ಬೆಳಿಗ್ಗೆ ನೋಡಿದರೆ ಹಾಳೆಯಲ್ಲಿ ಅಂಗೈಯಗಲ ಕಪ್ಪು ಕಲೆ. ಕ್ರ್ಯಾಂಕಿನ (ಇಂಜಿನ್ ಒಳಗೆ ತಿರುಗುವ ದಂಡದ) ಹಿಂದೆ ಆಯಿಲ್ ತಡೆಯುವ ಸೀಲ್ ಹೋಗಿದೆ ಅಂತ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಹೊಸದು ಹಾಕಿದರು. ಎರಡೇ ತಿಂಗಳು. ಮತ್ತೆ ಸೋರಿತು, ಮತ್ತೆ ಇಳಿಸಿದರು. ಮಳೆಗಾಲದಲ್ಲಿ ಮೂರನೇ ಸಲ ಸೋರಿದಾಗ ನಿಜಕ್ಕೂ ಅಳು ಬಂತು.

ಬದಿಯಡ್ಕದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಗಾಡಿಯ ಅಡಿಗೆ ಇಣುಕಲೇ ಇಲ್ಲ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದರು. ಅದರೊಳಗೆ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಕೆನೆ. ಆ ತೂತಿನ ಮೇಲೆ ಒಂದು ತುಂಡು ಪೇಪರ್ ಇಟ್ಟರು. ಹಾರಿ ಹೋಯಿತು.

"ಇದನ್ನು ಒಳಗೆ ಎಳೆದುಕೊಳ್ಳಬೇಕಿತ್ತು ಮಾರಾಯ್ರೆ. ಸೀಲಿನ ತಪ್ಪಲ್ಲ, ಇಂಜಿನ್‌ಗೆ ಉಸಿರು ಕಟ್ಟಿದೆ."

ಎಷ್ಟೇ ಹೊಸ ಇಂಜಿನ್ ಆದರೂ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗೆ ಇಳಿಯುತ್ತದೆ. ಅದರಲ್ಲಿ ಸುಡದ ಪೆಟ್ರೋಲ್, ನೀರಾವಿ ಎರಡೂ ಇರುತ್ತವೆ. ಪಿಸಿವಿ ಅನ್ನುವ ಪುಟ್ಟ ವಾಲ್ವ್ ಅದನ್ನು ಇಂಜಿನ್‌ಗೆ ಗಾಳಿ ಹೋಗುವ ಕೊಳವೆಯಾದ ಮ್ಯಾನಿಫೋಲ್ಡ್‌ಗೆ ಎಳೆಸಿ ಮತ್ತೆ ಸುಡಿಸುತ್ತದೆ. ನಾನು ದಿನಾ ನೀರ್ಚಾಲಿಗೆ ಹೋಗಿ ಬರುವುದು 4–5 ಕಿಲೋಮೀಟರ್. ಅಷ್ಟರಲ್ಲಿ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಆವಿ ಒಳಗೇ ನೀರಾಗಿ ಆಯಿಲ್ ಜೊತೆ ಕಲಸಿಕೊಂಡಿತ್ತು. ಕೆನೆ ಅಂದರೆ ಅದೇ.

ಹೆಬ್ಬೆರಳಿನಷ್ಟು ವಾಲ್ವ್ ಬಿಚ್ಚಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದೇ ಇಲ್ಲ. ಹೊಸದನ್ನು ಅಲ್ಲಾಡಿಸಿದರು. ಟಿಕ್ ಟಿಕ್. ಏರ್ ಫಿಲ್ಟರ್ ಕಡೆಯ ಬ್ರೀದರ್ ಹೋಸಿನಲ್ಲೂ ಜಿಡ್ಡು ಕಟ್ಟಿತ್ತು. ಎರಡೂ ದಾರಿ ಮುಚ್ಚಿದ ಮೇಲೆ ಒತ್ತಡ ಸೀಲನ್ನೇ ತಳ್ಳಬೇಕು, ಅಲ್ವಾ?

ಪಕ್ಕದಲ್ಲೇ ಒಬ್ಬ ಹುಡುಗ ರ‍್ಯಾಲಿ ಓಡಿಸುವ ಜಿಪ್ಸಿಗೆ ಕ್ಯಾಚ್ ಕ್ಯಾನ್, ಅಂದರೆ ಗ್ಯಾಸ್ ಜೊತೆ ಬರುವ ಆಯಿಲ್ ಹಿಡಿಯುವ ಡಬ್ಬ, ಕೂರಿಸುತ್ತಿದ್ದ. ನನಗೂ ಆಸೆ ಆಯಿತು, ಕೇಳಿದೆ. "ಅವನದು ಫುಲ್ ಥ್ರಾಟಲ್ ಓಟ. ಆಗ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಇರುವುದೇ ಇಲ್ಲ, ಗ್ಯಾಸ್ ಮಾತ್ರ ಜಾಸ್ತಿ. ಅದು ಆಯಿಲ್ ಹೊತ್ತುಕೊಂಡು ಇನ್‌ಟೇಕ್‌ಗೆ ಹೋದರೆ ಇಂಜಿನ್ ನಾಕ್ ಆಗುತ್ತದೆ, ಒಳಗೆ ಟಕಟಕ ಬಡಿಯುತ್ತದೆ. ಅದಕ್ಕೆ ಅವನಿಗೆ ಡಬ್ಬ ಬೇಕು, ದಪ್ಪ ಹೋಸೂ ಬೇಕು. ನಿಮಗೆ ವಾಲ್ವ್ ಸಾಕು. ವಾರಕ್ಕೊಮ್ಮೆ ಕಾಸರಗೋಡಿನವರೆಗಾದರೂ ಓಡಿಸಿ, ಒಳಗಿನ ನೀರು ಆರಲಿ" ಅಂದರು.

ಸೀಲ್ ಬದಲಿಸಬೇಕಾ ಅಂತ ಕೇಳಿದೆ. ಒಂದು ವಾರ ನೋಡಿ, ಆಮೇಲೆ ಮಾತಾಡೋಣ ಅಂದರು. ಎಂಟನೇ ದಿನ ಹಾಳೆಯಲ್ಲಿ ಇದ್ದದ್ದು ಒಂದು ರೂಪಾಯಿ ಅಗಲದ ಕಲೆ. ತಿಂಗಳು ಕಳೆದ ಮೇಲೆ ಅದೂ ಇಲ್ಲ. ಗೇರ್‌ಬಾಕ್ಸ್ ಮತ್ತೆ ಇಳಿಸಲಿಲ್ಲ.