ಹಳೆಯ ಗಿಟಾರ್ ಕೈಕೊಟ್ಟಾಗ ಅಗ್ಗದಲ್ಲಿ ಯಾವುದನ್ನು ಕೊಳ್ಳಬೇಕು?

"ನನ್ನ ಗಿಟಾರ್ ಹಾಳಾಯಿತು. ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ಅದರ ಬದಲಿಗೆ ಯಾವುದನ್ನು ತೆಗೆದುಕೊಳ್ಳಲಿ?" ಹೀಗೆ ಕೇಳುವವರು ಒಂದು ಕಂಪನಿಯ ಹೆಸರೋ ಮಾದರಿಯ ಸಂಖ್ಯೆಯೋ ನನ್ನ ಬಾಯಿಂದ ಬೀಳಲಿ ಎಂದು ಕಾಯುತ್ತಿರುತ್ತಾರೆ. ನಾನು ಮಾತ್ರ "ಹಳೆಯದರ ಅಳತೆ ಎಷ್ಟು?" ಎಂದು ಮರುಪ್ರಶ್ನೆ ಹಾಕುತ್ತೇನೆ. ಕೆಲವರಿಗೆ ಇದು ತಪ್ಪಿಸಿಕೊಳ್ಳುವ ಉಪಾಯದಂತೆ ಕಾಣುತ್ತದೆ. ಆದರೆ ಮೊದಲ ವಾದ್ಯ ಕೊಳ್ಳುವವರ ಕೈಗೆ ಇನ್ನೂ ಏನೂ ಗೊತ್ತಿರುವುದಿಲ್ಲ, ಯಾವುದನ್ನು ಕೊಟ್ಟರೂ ಅದಕ್ಕೆ ಒಗ್ಗಿಕೊಳ್ಳುತ್ತಾರೆ. ಎರಡನೆಯದನ್ನು ಕೊಳ್ಳುವವರ ಬೆರಳುಗಳು ಒಂದು ಅಗಲಕ್ಕೆ, ಒಂದು ಉದ್ದಕ್ಕೆ, ತಂತಿಯ ಒಂದು ಬಿಗಿತಕ್ಕೆ ಆಗಲೇ ಪಳಗಿರುತ್ತವೆ. ಆ ಅಳತೆಗಳನ್ನು ಬಿಟ್ಟು ಬರಿಯ ಹೆಸರು ನೋಡಿ ಕೊಂಡರೆ, ಗಿಟಾರ್ ಒಳ್ಳೆಯದೇ ಆಗಿದ್ದರೂ ನುಡಿಸುವವರಿಗೆ ಕಿರಿಕಿರಿ ತಪ್ಪುವುದಿಲ್ಲ.

ಅಳೆಯುವ ಮೊದಲು ಇನ್ನೊಂದು ವಿಷಯ. ಹಳೆಯದು ನಿಜವಾಗಿಯೂ ಹಾಳಾಗಿದೆಯೇ? ಶ್ರುತಿ ನಿಲ್ಲುತ್ತಿಲ್ಲ ಎಂದು ಗಿಟಾರನ್ನೇ ಬದಲಾಯಿಸಲು ಹೊರಡುವವರಿದ್ದಾರೆ. ಬಹಳ ಸಲ ತಪ್ಪು ಸವೆದ ತಂತಿಗಳದ್ದು, ಅಥವಾ ನಟ್‌ನ (ಗಿಟಾರ್‌ನ ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ) ಕಿರಿದಾದ ಸೀಳಿನಲ್ಲಿ ತಂತಿ ಸಿಕ್ಕಿಕೊಳ್ಳುವುದರದ್ದು, ಇಲ್ಲವೇ ಸಡಿಲವಾದ ಟ್ಯೂನಿಂಗ್ ಕೀಗಳದ್ದು. ಮೂರಕ್ಕೂ ಅಗ್ಗದ ಪರಿಹಾರವಿದೆ. ತಲೆಯ ಭಾಗ ಮುರಿದಿದ್ದರೂ, ಬಿರುಕು ಉದ್ದವಾಗಿ, ಸ್ವಚ್ಛವಾಗಿ ಸೀಳಿದ್ದರೆ ಒಳ್ಳೆಯ ಕೆಲಸಗಾರ ಅಂಟು ಹಾಕಿ ಕೂರಿಸಬಲ್ಲ. ತಂತಿಗಳನ್ನು ಒಡಲಿಗೆ ಕಟ್ಟಿಹಿಡಿಯುವ ಬ್ರಿಜ್‌ನ ಹಿಂಬದಿಯ ಅಂಚಿನಡಿ ಕಾಗದ ನುಸುಳುತ್ತಿದ್ದರೆ ಅಂಟು ಬಿಡುತ್ತಿದೆ ಎಂದರ್ಥ. ಅದೂ ಸರಿಹೋಗುವ ಕಾಯಿಲೆಯೇ.

ಸರಿಹೋಗದ ಕಾಯಿಲೆ, ಅಥವಾ ಅಗ್ಗದ ವಾದ್ಯಕ್ಕೆ ಖರ್ಚು ಮಾಡಿ ಸರಿಪಡಿಸಲು ಗಿಟ್ಟದ ಕಾಯಿಲೆ, ನೆಕ್‌ನ, ಅಂದರೆ ಬೆರಳಿಡುವ ಉದ್ದನೆಯ ಕತ್ತಿನ, ಕೋನ ತಪ್ಪಿರುವುದು. ವರ್ಷಗಳ ಎಳೆತಕ್ಕೆ ನೆಕ್ ಒಡಲಿಗೆ ಕೂಡುವ ಜಾಗದಲ್ಲಿ ನಿಧಾನವಾಗಿ ಮುಂದಕ್ಕೆ ಬಾಗುತ್ತದೆ, ತಂತಿಗಳು ಫ್ರೆಟ್‌ಗಳಿಂದ (ನೆಕ್‌ಗೆ ಅಡ್ಡವಾಗಿ ಕೂರಿಸಿದ ಲೋಹದ ಗೆರೆಗಳಿಂದ) ಮೇಲೇಳುತ್ತವೆ. ಇದಕ್ಕೆ ನೆಕ್‌ನೊಳಗಿನ ಟ್ರಸ್ ರಾಡ್ ತಿರುಗಿಸಿದರೆ ಸಾಕು ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನನಗೆ ಆ ಸಲಹೆಯನ್ನು ಕಂಡರೆ ಆಗುವುದಿಲ್ಲ. ಗಿಬ್ಸನ್ ಕಂಪನಿ 1920ರ ದಶಕದಲ್ಲಿ ಬಳಕೆಗೆ ತಂದ ಈ ಉಕ್ಕಿನ ಸರಳು ನೆಕ್‌ನ ಉದ್ದಕ್ಕೂ ಇರುವ ಬಾಗನ್ನು ತಿದ್ದುತ್ತದೆ, ಅಷ್ಟೇ. ಕೋನವನ್ನು ಅದು ಮುಟ್ಟುವುದಿಲ್ಲ. ಕೋನ ತಿದ್ದಬೇಕೆಂದರೆ ನೆಕ್ಕನ್ನೇ ಬಿಚ್ಚಿ ಮತ್ತೆ ಕೂರಿಸಬೇಕು, ಮತ್ತು ಅಂಟಿಸಿದ ನೆಕ್ ಆದರೆ ಆ ಕೂಲಿಗೆ ಇನ್ನೊಂದು ಗಿಟಾರ್ ಬರಬಹುದು. ಇಂಥ ಸ್ಥಿತಿಯಲ್ಲಿ ಮಾತ್ರ "ಬದಲಿ" ಎಂಬ ಮಾತಿಗೆ ನಾನು ತಲೆಯಾಡಿಸುತ್ತೇನೆ. ಕಳವಾದದ್ದರ, ಕಾಲಿಗೆ ಸಿಕ್ಕಿ ಪುಡಿಯಾದದ್ದರ ಕಥೆ ಬೇರೆ ಬಿಡಿ.

ಈಗ ಅಳತೆ. ನಟ್‌ನಿಂದ 12ನೇ ಫ್ರೆಟ್‌ವರೆಗಿನ ಉದ್ದವನ್ನು ಅಳೆದು ಎರಡರಿಂದ ಗುಣಿಸಿ. ಇದು ತಂತಿಯ ನುಡಿಯುವ ಉದ್ದ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನಲ್ಲಿ ಇದು ಸಾಮಾನ್ಯವಾಗಿ 650 ಮಿಲಿಮೀಟರ್. ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಫೆಂಡರ್ ಸ್ಟ್ರಾಟೊಕಾಸ್ಟರ್‌ನದು ಸುಮಾರು 648, ಗಿಬ್ಸನ್ ಲೆಸ್ ಪಾಲ್‌ನದು ಸುಮಾರು 628. ಎರಡು ಸೆಂಟಿಮೀಟರ್ ಎಂದರೆ ಏನು ಮಹಾ ಎನ್ನಿಸಬಹುದು. ಅದೇ ತಂತಿಗಳನ್ನು ಅದೇ ಶ್ರುತಿಗೆ ಏರಿಸಿದರೂ ಗಿಡ್ಡ ಉದ್ದದಲ್ಲಿ ಅವು ಮೆತ್ತಗೆ ಕಾಣುತ್ತವೆ, ಫ್ರೆಟ್‌ಗಳ ನಡುವಿನ ಅಂತರ ಕುಗ್ಗುತ್ತದೆ, ಬೆರಳು ಹೋಗಿ ನಿಲ್ಲುವ ಜಾಗ ಬದಲಾಗುತ್ತದೆ. ನಂತರ ನಟ್‌ನ ಅಗಲ. ಕ್ಲಾಸಿಕಲ್‌ನಲ್ಲಿ 52 ಮಿಲಿಮೀಟರ್ ಆಸುಪಾಸು, ಸ್ಟೀಲ್ ತಂತಿಯ ಅಕೌಸ್ಟಿಕ್‌ನಲ್ಲಿ 43ರಿಂದ 45. ಬಲಗೈ ಬೆರಳುಗಳಿಂದ ಮೀಟುವವರಿಗೆ ಈ ಒಂದೆರಡು ಮಿಲಿಮೀಟರ್ ಬಹಳ ದೊಡ್ಡದು. ಅದೇ ಕಂಪನಿಯ ಅದೇ ಹೆಸರಿನ ಗಿಟಾರ್ ಎಂದು ನಂಬಿ ಕಣ್ಣುಮುಚ್ಚಿ ಕೊಳ್ಳಬೇಡಿ. ವರ್ಷಗಳು ಉರುಳಿದಂತೆ ಹೆಸರು ಉಳಿದು ಅಳತೆ ಬದಲಾಗುವುದುಂಟು.

ಮೂರನೆಯದು ಆಕ್ಷನ್, ಅಂದರೆ 12ನೇ ಫ್ರೆಟ್‌ನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದು. ಸ್ಟೀಲ್ ತಂತಿಯ ಅಕೌಸ್ಟಿಕ್‌ನಲ್ಲಿ ದಪ್ಪ ತಂತಿಗೆ ಎರಡೂವರೆ ಮಿಲಿಮೀಟರ್, ಸಣ್ಣದಕ್ಕೆ ಎರಡರ ಹತ್ತಿರ ಇದ್ದರೆ ಕೈಗೆ ಹಿತ. ನೈಲಾನ್ ತಂತಿ ಹೆಚ್ಚು ಅಗಲಕ್ಕೆ ಅದುರುವುದರಿಂದ ಅಲ್ಲಿ ನಾಲ್ಕು, ಮೂರು ಬೇಕಾಗುತ್ತದೆ. ಅಗ್ಗದ ಹೊಸ ಗಿಟಾರ್‌ಗಳಲ್ಲಿ ನಾನು ಕಾಣುವ ದೊಡ್ಡ ದೋಷ ಇದೇ. ನಾದ ಪರವಾಗಿಲ್ಲ, ಮರವೂ ಪರವಾಗಿಲ್ಲ, ತಂತಿ ಮಾತ್ರ ಆಕಾಶದಲ್ಲಿರುತ್ತದೆ. ಬ್ರಿಜ್ ಮೇಲೆ ತಂತಿಯನ್ನು ಹೊರುವ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು, ಉಜ್ಜಿ ಇಳಿಸಬಹುದು. 12ನೇ ಫ್ರೆಟ್‌ನಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಎರಡು ಮಿಲಿಮೀಟರ್ ಉಜ್ಜಬೇಕು. ಆದ್ದರಿಂದ ಅಂಗಡಿಯಲ್ಲಿ ಹೊಸದನ್ನು ಕೈಗೆತ್ತಿಕೊಂಡರೂ, ಯಾರದೋ ಮನೆಯಲ್ಲಿ ಹಳೆಯದನ್ನು ನೋಡಲು ಹೋದರೂ, ಮೊದಲು ಕಣ್ಣು ಹಾಯಿಸಬೇಕಾದದ್ದು ಬ್ರಿಜ್‌ನಿಂದ ಸ್ಯಾಡಲ್ ಎಷ್ಟು ಮೇಲೆದ್ದಿದೆ ಎಂಬುದರ ಕಡೆಗೆ. ಸ್ಯಾಡಲ್ ಆಗಲೇ ಬ್ರಿಜ್‌ನೊಳಗೆ ಮುಳುಗಿದ್ದು, ತಂತಿ ಇನ್ನೂ ಎತ್ತರದಲ್ಲಿದ್ದರೆ, ನೆಕ್‌ನ ಕೋನ ಹೋಗಿದೆ. ಮಾರುವವರು ಎಷ್ಟೇ ಇಳಿಸಿ ಹೇಳಿದರೂ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ನಟ್‌ನ ಬಳಿಯ ಎತ್ತರಕ್ಕೆ ಸುಲಭದ ಪರೀಕ್ಷೆಯಿದೆ. 3ನೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದಾಗ 1ನೇ ಫ್ರೆಟ್‌ಗೂ ತಂತಿಗೂ ನಡುವೆ ಕೂದಲೆಳೆಯಷ್ಟೇ ಜಾಗ ಇರಬೇಕು. ಹೆಚ್ಚಿದ್ದರೆ, ಎಲ್ಲ ತಂತಿಗಳನ್ನೂ ಒಂದೇ ಬೆರಳಿನಿಂದ ಒತ್ತಬೇಕಾದ ಎಫ್ ಕಾರ್ಡ್ ಹಿಡಿಯುವಾಗ ಬೆರಳು ಬೆಂದುಹೋಗುತ್ತದೆ. ಬಳಿಕ ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಫ್ರೆಟ್‌ನಲ್ಲೂ ಒಮ್ಮೆ ನುಡಿಸಿ. ಬೇಸರದ ಕೆಲಸ, ಅಂಗಡಿಯವರು ಮುಖ ಸಿಂಡರಿಸಬಹುದು, ಆದರೆ ಎಲ್ಲಿ ಗರಗರ ಸದ್ದು ಬರುತ್ತದೆ, ಎಲ್ಲಿ ಸ್ವರ ಸತ್ತಿದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ. ನೆಕ್‌ನ ಅಂಚಿನ ಮೇಲೆ ಅಂಗೈ ಜಾರಿಸಿ. ಮರ ಒಣಗಿ ಕುಗ್ಗಿದ್ದರೆ ಫ್ರೆಟ್‌ಗಳ ತುದಿ ಗರಗಸದಂತೆ ತರಚುತ್ತದೆ.

ಮರದ ಬಗ್ಗೆ ಜನ ತೋರಿಸುವಷ್ಟು ಭಕ್ತಿ ನನಗಿಲ್ಲ. ಇಂದಿನ ಕ್ಲಾಸಿಕಲ್ ಗಿಟಾರ್‌ಗೆ ರೂಪ ಕೊಟ್ಟ ಸ್ಪೇನಿನ ಆಂಟೋನಿಯೊ ದೆ ಟೊರೆಸ್ 1862ರಲ್ಲಿ ಒಂದು ಗಿಟಾರ್‌ನ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿದ. ನಾದ ಹುಟ್ಟುವುದು ಮುಖ್ಯವಾಗಿ ಮೇಲಿನ ಹಲಗೆಯಲ್ಲಿ ಎಂದು ತೋರಿಸುವುದು ಅವನ ಉದ್ದೇಶ. 2018ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆಯಾಗಿದ್ದ ಆರು ಗಿಟಾರ್‌ಗಳನ್ನು 52 ವಾದಕರಿಗೆ, ಯಾವುದು ಯಾವುದೆಂದು ಕಾಣದಂತೆ, ನುಡಿಸಲು ಕೊಟ್ಟರು. ದುಬಾರಿ ರೋಸ್‌ವುಡ್‌ಗೂ ಅಗ್ಗದ ಮರಗಳಿಗೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೀಗಿರುವಾಗ, ಬಿಗಿ ಬಜೆಟ್‌ನವರು ಬೆನ್ನಿನ ಮರಕ್ಕೆ ದುಡ್ಡು ಸುರಿಯುವುದು ಯಾಕೆ? ಮೇಲಿನ ಹಲಗೆಯನ್ನು ನೋಡಿ. ಅದು ಒಂದೇ ಹಲಗೆಯದೋ ಪದರಗಳನ್ನು ಅಂಟಿಸಿದ್ದೋ ಎಂದು ತಿಳಿಯಲು ತಂತಿಗಳ ಕೆಳಗಿನ ದುಂಡು ರಂಧ್ರದ ಅಂಚನ್ನು ಬೆಳಕಿಗೆ ಹಿಡಿಯಿರಿ. ಮೇಲಿನ ಎಳೆಗೆರೆಗಳು ಅಂಚಿನಲ್ಲೂ ನೇರವಾಗಿ ಇಳಿದಿದ್ದರೆ ಅದು ಇಡಿಯ ಮರ. ಆದರೂ ಎಲ್ಲರಿಗೂ ಇಡಿಯ ಮರವೇ ಬೇಕೆಂದು ನಾನು ಹೇಳಲಾರೆ. ಗಾಳಿಯ ತೇವ 45ರಿಂದ 55 ಶೇಕಡಾದ ಒಳಗೆ ಉಳಿದರೆ ಅದಕ್ಕೆ ಕ್ಷೇಮ. ತೀರ ಒಣಗಿದರೆ ಸೀಳುತ್ತದೆ. ಗಿಟಾರನ್ನು ಬೆನ್ನಿಗೇರಿಸಿ ಬಿಸಿಲು ಮಳೆಯೆನ್ನದೆ ಅಲೆಯುವವರಿಗೆ ಪದರದ ಹಲಗೆಯೇ ಒಳ್ಳೆಯ ಜೊತೆಗಾರ, ನಾದದಲ್ಲಿ ಒಂದಿಷ್ಟು ಕಳೆದುಕೊಂಡರೂ.

ಒಂದು ಎಚ್ಚರಿಕೆಯನ್ನು ಮಾತ್ರ ಜೋರಾಗಿಯೇ ಹೇಳುತ್ತೇನೆ. ಸ್ಟೀಲ್ ತಂತಿಯ ನಾದ ಬೇಕೆಂದು ಸಿಕ್ಕ ಅಗ್ಗದ ಕ್ಲಾಸಿಕಲ್ ಗಿಟಾರ್‌ಗೆ ಸ್ಟೀಲ್ ತಂತಿ ಕಟ್ಟಬೇಡಿ. ಆರು ತೆಳು ಸ್ಟೀಲ್ ತಂತಿಗಳ ಒಂದು ಸೆಟ್ ಒಟ್ಟಾಗಿ ಸುಮಾರು 70 ಕಿಲೋ ಎಳೆಯುತ್ತದೆ. ನೈಲಾನ್ ತಂತಿಗಳದು ಅದರ ಅರ್ಧದ ಆಸುಪಾಸು. ಕ್ಲಾಸಿಕಲ್‌ನ ಒಳಗಿನ ತೆಳು ಆಧಾರ ಪಟ್ಟಿಗಳು ಆ ಎಳೆತಕ್ಕೆ ಮಾಡಿದವಲ್ಲ, ಹೊಟ್ಟೆ ಉಬ್ಬುತ್ತದೆ, ಬ್ರಿಜ್ ಕಿತ್ತುಬರುತ್ತದೆ.

ಎಲೆಕ್ಟ್ರಿಕ್ ಕೊಳ್ಳುವವರಿಗೆ ಕೆಲಸ ಸುಲಭ. ಆಂಪ್ಲಿಫೈಯರ್‌ಗೆ ಜೋಡಿಸುವ ಮೊದಲು ಹಾಗೆಯೇ ನುಡಿಸಿ, ನೆಕ್ ಕೈಗೆ ಒಗ್ಗುತ್ತದೆಯೇ ನೋಡಿ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್, ಸ್ವಿಚ್, ಕೀಗಳನ್ನು ನಾಳೆ ಬದಲಾಯಿಸಬಹುದು. ಫೆಂಡರ್‌ನವರ ಸ್ಕ್ವಾಯರ್, ಗಿಬ್ಸನ್‌ನವರ ಎಪಿಫೋನ್ ಇರುವುದೇ ದೊಡ್ಡ ಹೆಸರುಗಳ ಅಳತೆಯನ್ನು ಕಡಿಮೆ ಬೆಲೆಗೆ ಕೊಡಲು, ಬದಲಿ ಹುಡುಕುವವರಿಗೆ ಇದಕ್ಕಿಂತ ನೇರ ದಾರಿಯಿಲ್ಲ. ಅಕೌಸ್ಟಿಕ್‌ನಲ್ಲಿ ಇದಕ್ಕೆ ವಿರುದ್ಧ: ಅಗ್ಗದ ವಾದ್ಯದಲ್ಲಿ ಪಿಕಪ್, ಟ್ಯೂನರ್, ಮಿನುಗುವ ಅಲಂಕಾರ ಎಲ್ಲವೂ ಇದ್ದರೆ, ಅವುಗಳ ಖರ್ಚು ಮರದಿಂದಲೋ ಕೆಲಸದಿಂದಲೋ ಕಡಿತವಾಗಿರುತ್ತದೆ. ವೇದಿಕೆ ಹತ್ತದವರು ಇವಿಲ್ಲದ್ದನ್ನೇ ಆರಿಸಿ.

ದುಡ್ಡು ಎಷ್ಟೇ ಕಡಿಮೆಯಿರಲಿ, ಒಂದು ಪಾಲನ್ನು ಹೊಸ ತಂತಿಗಳಿಗೂ ಸೆಟಪ್‌ಗೂ (ತಂತಿಯ ಎತ್ತರ, ನೆಕ್‌ನ ಬಾಗು ಸರಿಪಡಿಸುವ ಕೆಲಸ) ತೆಗೆದಿಡಿ. ಇನ್ನಷ್ಟು ದುಬಾರಿಯದನ್ನು ಸೆಟಪ್ ಇಲ್ಲದೆ ನುಡಿಸುವುದಕ್ಕಿಂತ, ಸಾಧಾರಣದ್ದನ್ನು ಸರಿಯಾಗಿ ಹದಗೊಳಿಸಿ ನುಡಿಸುವುದೇ ಲೇಸು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಗಡಿಯಲ್ಲಿ ತೂಗುಹಾಕಿದ ಗಿಟಾರ್‌ಗಳ ತಂತಿ ತಿಂಗಳುಗಟ್ಟಲೆ ಹಳೆಯದಾಗಿರಬಹುದು, ಅವುಗಳ ಮಂಕು ನಾದ ಕೇಳಿ ವಾದ್ಯವನ್ನೇ ತಳ್ಳಿಹಾಕಬೇಡಿ. ಮನೆಗೆ ತಂದ ಮೇಲೆ, ಹಳೆಯದು ಇನ್ನೂ ನುಡಿಯುವಂತಿದ್ದರೆ, ಅದನ್ನು ಕೂಡಲೇ ಮಾರಿಬಿಡುವ ಆತುರವೂ ಬೇಡ. ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಎರಡಕ್ಕೂ ಒಂದೇ ದಪ್ಪದ ಹೊಸ ತಂತಿ ಹಾಕಿ, ನಿಮಗೆ ಚೆನ್ನಾಗಿ ಬರುವ ಒಂದೇ ಹಾಡನ್ನು ಎರಡರಲ್ಲೂ ನುಡಿಸಿ ನೋಡಿ. ಹೊಸದರಲ್ಲಿ ಬೆರಳು ಮತ್ತೆ ಮತ್ತೆ ತಪ್ಪುತ್ತಿದ್ದರೆ ಅಳತೆಪಟ್ಟಿಯನ್ನು ಇನ್ನೊಮ್ಮೆ ಹಿಡಿಯಿರಿ, ಅಂಗಡಿಯ ರಸೀದಿಯನ್ನೂ ಹುಡುಕಿಡಿ.