ವಂಡರ್‌ಲಾಗೆ ಚಿಕ್ಕ ಮಕ್ಕಳ ಜೊತೆ: ಎಣ್ಣೆ ಹಚ್ಚಬೇಡಿ, ನೀಲಿ ಬಟ್ಟೆ ತೊಡಿಸಬೇಡಿ

ನನ್ನ ಮಗ ಎರಡು ಸೆಕೆಂಡ್ ನೀರಿನೊಳಗಿದ್ದ. ಜಾಸ್ತಿ ಅಂದರೆ ಮೂರು. ವಂಡರ್‌ಲಾ ಪಾರ್ಕಿನ ವೇವ್ ಪೂಲ್‌ನಲ್ಲಿ, ಅಂದರೆ ಯಂತ್ರದಿಂದ ಅಲೆ ಎಬ್ಬಿಸುವ ಕೊಳದಲ್ಲಿ, ನಾವು ನಿಂತಿದ್ದ ಕಡೆ ನೀರು ನನ್ನ ಮಂಡಿಗಿಂತ ಸ್ವಲ್ಪ ಮೇಲಿತ್ತು ಅಷ್ಟೆ. ಅವನ ಕೈ ನನ್ನ ಕೈಯಲ್ಲೇ ಇತ್ತು. ಸೈರನ್ ಆಯಿತು, ಅಲೆ ಬಂತು, ಹಿಂದಿನಿಂದ ಯಾವುದೋ ಶಾಲೆಯ ಹುಡುಗರು ಹೋ ಅಂತ ನುಗ್ಗಿದರು. ಕೈ ಸೋಪಿನ ಹಾಗೆ ಜಾರಿತು. ತಿರುಗಿ ನೋಡಿದರೆ ನೀಲಿ ನೆಲ, ನೀಲಿ ನೀರು. ಅವನಿಗೆ ನಾನೇ ತೊಡಿಸಿದ್ದ ಡ್ರೆಸ್ಸೂ ನೀಲಿ. ಮಗ ಕಾಣಲೇ ಇಲ್ಲ. ಕೂಗಲೂ ಇಲ್ಲ. ಗಾರ್ಡ್ ಸೀಟಿ ಊದಿ ನನ್ನ ಕಾಲ ಹತ್ತಿರ ಕೈ ತೋರಿಸಿದ. ಬಗ್ಗಿ ತಡಕಾಡಿ ಎತ್ತಿದೆ. ಕೆಮ್ಮಿದ, ಅತ್ತ, ಐದು ನಿಮಿಷಕ್ಕೆ ಐಸ್‌ಕ್ರೀಮ್ ಕೇಳಿದ. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಪಾರ್ಕಿನವರ ತಪ್ಪೇನೂ ಇಲ್ಲ, ಎಲ್ಲಾ ನಮ್ಮದೇ. ಬೆಳಿಗ್ಗೆ ಎದ್ದು ಅತ್ತೆ ಇಬ್ಬರು ಮಕ್ಕಳಿಗೂ ಮೈತುಂಬ ಕೊಬ್ಬರಿ ಎಣ್ಣೆ ತಿಕ್ಕಿದ್ದರು. ನಾನು ಬೇಡ ಅಂದಿದ್ದೆ. "ನೀರಾಗೆ ಆಡ್ತವೆ, ಮೈ ಬೆಚ್ಚಗಿರ್ತತಿ ಬಿಡವ್ವ" ಅಂದರು. ಮೈ ಬೆಚ್ಚಗಿರಲಿಲ್ಲ. ಕೈ ಮಾತ್ರ ನಿಲ್ಲಲಿಲ್ಲ. ನೀರಿನಲ್ಲಿ ಎಣ್ಣೆ ಹಚ್ಚಿದ ಮಗುವನ್ನು ಹಿಡಿಯುವುದು ಮೀನು ಹಿಡಿದ ಹಾಗೆ. ಅವತ್ತಿನಿಂದ ನಾನು ಅಂಗೈ ಹಿಡಿಯುವುದೇ ಬಿಟ್ಟೆ. ಮಣಿಕಟ್ಟಿಗಿಂತ ಮೇಲೆ, ಮುಂಗೈಯನ್ನೇ ಬಿಗಿಯಾಗಿ ಹಿಡಿಯುತ್ತೇನೆ. ಅಲೆ ಶುರುವಾಗುವ ಮುಂಚೆ ಸೈರನ್ ಕೇಳಿಸುತ್ತದಲ್ಲ, ಆಗ ಎಲ್ಲರೂ ಮುಂದಕ್ಕೆ ಓಡುತ್ತಾರೆ. ಚಿಕ್ಕವರಿದ್ದರೆ ನೀವು ಹಿಂದಕ್ಕೆ ಬನ್ನಿ. ದಡದ ಹತ್ತಿರ ಪಾದ ಮುಳುಗುವಷ್ಟು ನೀರಿನಲ್ಲಿ ಕೂತರೂ ಅಲೆ ಬರುತ್ತದೆ, ಮಕ್ಕಳಿಗೆ ಅದೇ ಸಮುದ್ರ.

ಕೂಗಲಿಲ್ಲ ಅಂದೆನಲ್ಲ, ಅದು ನನಗೆ ಹೊಸ ವಿಷಯ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕಿರುಚುವುದಿಲ್ಲ. ಬಾಯಿ ನೀರಿನಿಂದ ಮೇಲೆ ಬಂದರೆ ಉಸಿರು ಎಳೆಯುವುದಕ್ಕೇ ಸಮಯ ಸಾಲದು, ಕೂಗುವುದೆಲ್ಲಿಂದ? "ಅತ್ತರೆ ಗೊತ್ತಾಗತ್ತೆ" ಅಂತ ಕೂತಿರುವ ಅಪ್ಪ ಅಮ್ಮಂದಿರು ಆ ಪೂಲ್ ಸುತ್ತ ತುಂಬಾ ಜನ ಇದ್ದರು. ಬೆಳಿಗ್ಗೆವರೆಗೆ ನಾನೂ ಹಾಗೇ ಅಂದುಕೊಂಡಿದ್ದವಳು.

ಇನ್ನು ನೀಲಿ ಡ್ರೆಸ್ಸಿನ ಕಥೆ. ನೀರಿಗೆ ಇಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಆಗಬೇಕು, ಕಾಟನ್ ಬಿಡುವುದಿಲ್ಲ. ಇದು ಗೊತ್ತಿದ್ದೂ ನಮ್ಮೂರು ದಾವಣಗೆರೆಯಿಂದ ತರುವುದು ಮರೆತೆ. ದಾರಿಬದಿಯ ಒಂದು ಅಂಗಡಿಯವನು ಕಾರು ನಿಂತ ತಕ್ಷಣ ಹತ್ತಿರ ಬಂದು, "ಇದಿಲ್ದಿದ್ರೆ ಒಳಗೇ ಬಿಡಲ್ಲ ಮೇಡಂ" ಅಂತ ಹೆದರಿಸಿ ಮಗನಿಗೊಂದು, ಮಗಳಿಗೊಂದು ಕೊಟ್ಟ. ಒಂದಕ್ಕೆ 550 ರೂಪಾಯಿ. ಚೌಕಾಸಿ ಮಾಡಿದರೆ ಮುಖ ತಿರುಗಿಸಿದ. ಅಂಥದ್ದೇ ಬಟ್ಟೆ ನಮ್ಮೂರ ಚೌಕಿಪೇಟೆಯಲ್ಲಿ ಅದರ ಅರ್ಧಕ್ಕೂ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಮಗಳದು ಕಂಕುಳ ಹತ್ತಿರ ಹೊಲಿಗೆ ಬಿಟ್ಟಿತ್ತು. ದುಡ್ಡು ಹೋಗಲಿ ಬಿಡಿ, ಬಣ್ಣ ನೋಡದೆ ತಗೊಂಡೆನಲ್ಲ, ಅದು ಬೇಜಾರು. ಪೂಲ್‌ಗಳ ತಳ ಹೆಚ್ಚಾಗಿ ನೀಲಿ. ನೀಲಿ, ಬಿಳಿ, ಬೂದು ಬಣ್ಣದ ಬಟ್ಟೆ ನೀರೊಳಗೆ ಮಾಯವಾಗುತ್ತದೆ. ಕಣ್ಣು ಕುಕ್ಕುವ ಕಿತ್ತಳೆ, ಗುಲಾಬಿ, ಹಳದಿ ತನ್ನಿ. ಚೆಂದ ಕಾಣದಿದ್ದರೂ ಪರವಾಗಿಲ್ಲ. ಉದ್ದ ತೋಳಿನದಾದರೆ ಬಿಸಿಲಿಗೂ ಒಳ್ಳೆಯದು.

ಮೊದಲಿಂದ ಹೇಳಬೇಕಿತ್ತು ಅನಿಸುತ್ತದೆ. ವಂಡರ್‌ಲಾ ಬೆಂಗಳೂರಿನ ಹತ್ತಿರ, ಬಿಡದಿ ಕಡೆ ಶುರುವಾಗಿದ್ದು 2005ರಲ್ಲಿ. ನಾನು 2009ರಲ್ಲಿ ಕಾಲೇಜು ಟ್ರಿಪ್‌ನಲ್ಲಿ ಬಂದಿದ್ದೆ. ಆಗಿನ ನೆನಪಿನ ಮೇಲೆ ಈಗ ಆರು ವರ್ಷದ ಮಗ, ಇನ್ನೂ ಮೂರು ತುಂಬದ ಮಗಳು, ಗಂಡ, ಅತ್ತೆ ಎಲ್ಲರನ್ನೂ ಕಟ್ಟಿಕೊಂಡು ಪ್ಲ್ಯಾನ್ ಮಾಡಿದ್ದೇ ತಪ್ಪು. ಕಾಲೇಜಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನೀರಲ್ಲಿದ್ದೆ. ಮಗಳು ನೀರಲ್ಲಿ ತಡೆದಿದ್ದು ನಲವತ್ತು ನಿಮಿಷ.

ಟಿಕೆಟ್ ವಯಸ್ಸಿನ ಲೆಕ್ಕ ಅಲ್ಲ, ಎತ್ತರದ ಲೆಕ್ಕ. 85 ಸೆಂಟಿಮೀಟರ್ ಒಳಗಿದ್ದರೆ ಉಚಿತ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್. ಅತ್ತೆ ಗೇಟಿನಲ್ಲಿ "ಇನ್ನೂ ಮೂರು ತುಂಬಿಲ್ಲಪ್ಪ, ಹಾಲು ಕುಡಿಯೋ ಮಗು" ಅಂತ ವಾದ ಮಾಡಿದರು. ಅಲ್ಲಿದ್ದ ಹುಡುಗಿ ನಕ್ಕು, ಮಗಳ ಜುಟ್ಟನ್ನು ಮೆತ್ತಗೆ ಒತ್ತಿ ಅಳೆದಳು. 91. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಕೊಂಡು ಹೋಗಿ. ದುಡ್ಡಿನ ಮಾತು ಬಿಡಿ, ರೈಡುಗಳಿಗೂ ಎತ್ತರದ ಗೆರೆ ಇದೆ. ದೊಡ್ಡ ಜಾರುಬಂಡಿ ತೋರಿಸಿ ಆಸೆ ಹುಟ್ಟಿಸಿ, ಆಮೇಲೆ ಕೋಲಿನ ಹತ್ತಿರ ನಿಲ್ಲಿಸಿ ಅಳಿಸುವುದು ತಪ್ಪುತ್ತದೆ.

ನಮ್ಮವರು ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದು ಸ್ಲೈಡ್‌ನಲ್ಲಿ ಜಾರಲು ಹೊರಟರು. ಮೇಲಿದ್ದ ಹುಡುಗ ಬಿಡಲಿಲ್ಲ. ಇವರಿಗೆ ಸಿಟ್ಟು. "ನಾನೇ ಹಿಡ್ಕೊಂಡಿರ್ತೀನಲ್ಲ ರೀ" ಅಂತ ಎರಡು ಸಲ ಕೇಳಿದರು. ಆ ಹುಡುಗ ಮಾಡಿದ್ದೇ ಸರಿ. ಮಗು ಒಂದೇ ಜಾರಿದರೆ ಕಾಲು ಎಲ್ಲಾದರೂ ಸಿಕ್ಕಿಕೊಂಡರೂ ನಿಲ್ಲುತ್ತದೆ. ತೊಡೆ ಮೇಲಿದ್ದರೆ ಪುಟ್ಟ ಪಾದ ಅಂಚಿಗೆ ಸಿಕ್ಕಿದ ಮೇಲೂ ದೊಡ್ಡವರ ಭಾರ ಎಳೆದುಕೊಂಡು ಹೋಗುತ್ತದೆ, ಮೊಣಕಾಲ ಕೆಳಗಿನ ಮೂಳೆ ತಿರುಚಿ ಮುರಿಯಬಹುದು. ಊರಿನ ಪಾರ್ಕಿನ ಜಾರುಬಂಡಿಯಲ್ಲೂ ಇದೇ ಕಥೆ.

ಇನ್ನು ಚಳಿಯ ಮಾತು. ನಾವು ಹೋಗಿದ್ದು ಸಂಕ್ರಾಂತಿ ಆದ ವಾರ. ಬಿಸಿಲು ಚೆನ್ನಾಗಿತ್ತು, ನಮಗೆ ಹಿತವಾಗೇ ಇತ್ತು. ಅರ್ಧ ಗಂಟೆಗೆ ಮಗಳ ತುಟಿ ನೇರಳೆ ಹಣ್ಣು ತಿಂದ ಹಾಗಾಯಿತು, ಗದ್ದ ಟಕಟಕ. ಕೇಳಿದರೆ "ಚಳಿ ಇಲ್ಲ, ಚಳಿ ಇಲ್ಲ" ಅನ್ನುತ್ತಾಳೆ, ಹೊರಗೆ ಕರೆದುಕೊಂಡು ಹೋಗುತ್ತೇವೆ ಅಂತ ಭಯ. ಮಕ್ಕಳ ಮಾತು ನಂಬಬೇಡಿ, ತುಟಿ ನೋಡಿ. ಪುಟ್ಟ ಮೈಯಿಂದ ಶಾಖ ನಮಗಿಂತ ಬೇಗ ಹೋಗುತ್ತದೆ. ಒದ್ದೆ ಬಟ್ಟೆಗೆ ಗಾಳಿ ಬಡಿದರೆ ಇನ್ನೂ ಜೋರು. ಇಪ್ಪತ್ತು ನಿಮಿಷ ನೀರು, ಆಮೇಲೆ ಹೊರಗೆ ಬಂದು ಒರೆಸಿ ಬಿಸಿಲಲ್ಲಿ ಹತ್ತು ನಿಮಿಷ. ಇದು ನಾನು ಆಮೇಲೆ ಕಂಡುಕೊಂಡ ಲೆಕ್ಕ, ಮಧ್ಯಾಹ್ನ ಚೆನ್ನಾಗಿ ನಡೆಯಿತು.

ಅತ್ತೆಗೆ ಇಲ್ಲಿ ಪೂರ್ತಿ ಮಾರ್ಕು ಕೊಡಬೇಕು. ನಾನು ದಪ್ಪ ಟರ್ಕಿ ಟವೆಲ್ ಎರಡು ತಂದಿದ್ದೆ. ಒಂದು ಸಲ ಒದ್ದೆಯಾದರೆ ಸಂಜೆವರೆಗೂ ಒಣಗಲಿಲ್ಲ, ಕಲ್ಲಿನ ಭಾರ. ಅತ್ತೆ ಬ್ಯಾಗಿನಿಂದ ಮಾವನ ಹಳೇ ಪಂಚೆಗಳನ್ನು ತೆಗೆದರು, ನಾಲ್ಕು. ತೊಳೆದು ತೊಳೆದು ಬೆಣ್ಣೆಯ ಹಾಗಾಗಿದ್ದವು. ಒರೆಸಲು ಒಂದು, ಸುತ್ತಲು ಒಂದು, ಬೇಲಿಗೆ ಹಾಕಿದರೆ ಕಾಲು ಗಂಟೆಯಲ್ಲಿ ಒಣಗಿ ಮತ್ತೆ ರೆಡಿ. ಅವರು ಸೀರೆಯಲ್ಲೇ ನೆರಳಲ್ಲಿ ಕೂತಿದ್ದರು, ನೀರಿಗೆ ಇಳಿಯಲಿಲ್ಲ. ಹೀಗೆ ಒದ್ದೆಯಾಗದ ದೊಡ್ಡವರೊಬ್ಬರು ದಡದಲ್ಲಿ ಇರುವುದು ಎಷ್ಟು ಅನುಕೂಲ ಅಂತ ಇಬ್ಬರು ಮಕ್ಕಳಿರುವವರಿಗೆ ಹೇಳಬೇಕಿಲ್ಲ.

ಚಿಕ್ಕ ಮಕ್ಕಳ ಪೂಲ್ ಬಗ್ಗೆ ಒಂದು ಮಾತು. ಪಾದದಷ್ಟೇ ನೀರು ಅಂತ ಎಲ್ಲರೂ ಅಲ್ಲಿ ಸಡಿಲವಾಗುತ್ತಾರೆ. ಮಗು ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದರೆ ಅಷ್ಟು ನೀರೇ ಸಾಕು. ನಾನು ಇವರು ನೋಡುತ್ತಿದ್ದಾರೆ ಅಂದುಕೊಂಡಿದ್ದೆ, ಇವರು ನಾನು ನೋಡುತ್ತಿದ್ದೇನೆ ಅಂದುಕೊಂಡು ವಿಡಿಯೋ ಮಾಡುತ್ತಿದ್ದರು. ಆಮೇಲೆ ಪಾಳಿ ಹಾಕಿಕೊಂಡೆವು. "ಈಗ ನಿಮ್ದು" ಅಂತ ಬಾಯಿಬಿಟ್ಟು ಹೇಳಬೇಕು, "ಹೂಂ" ಅಂತ ಉತ್ತರ ಬರಬೇಕು. ಪಾಳಿಯವರ ಕೈಯಲ್ಲಿ ಫೋನ್ ಇಲ್ಲ, ಮಗು ಕೈ ಚಾಚಿದರೆ ಸಿಗುವ ದೂರದಲ್ಲೇ. ಕೈಗೆ ಕಟ್ಟುವ ಗಾಳಿ ಬಳೆಗಳನ್ನು ನಂಬಿಕೊಂಡು ದೂರ ಹೋಗಬೇಡಿ, ಅವು ಜಾರಿ ಬರುತ್ತವೆ, ಗಾಳಿಯೂ ಹೋಗುತ್ತದೆ. ಲೈಫ್ ಜಾಕೆಟ್ ಬೇರೆ, ಅದು ಬೇರೆ.

ಡೈಪರ್ ಹಾಕುವ ಮಕ್ಕಳಿದ್ದರೆ ಮಾಮೂಲಿ ಡೈಪರ್ ನೀರಿಗೆ ಬೇಡವೇ ಬೇಡ. ಒಂದು ನಿಮಿಷಕ್ಕೆ ನೆನೆಸಿದ ಅವಲಕ್ಕಿ ಗಂಟಿನ ಹಾಗೆ ಊದಿ ಮಂಡಿಗೆ ಬರುತ್ತದೆ. ಸ್ವಿಮ್ ಡೈಪರ್ ಸಿಗುತ್ತದೆ, ಮನೆಯಿಂದಲೇ ತನ್ನಿ. ಅದೂ ಎಲ್ಲವನ್ನೂ ತಡೆಯಲ್ಲ, ಗಂಟೆಗೊಮ್ಮೆ ನೋಡಬೇಕು. ಮಗುವಿಗೆ ಭೇದಿ ಆಗುತ್ತಿದ್ದರೆ ದಯವಿಟ್ಟು ಟ್ರಿಪ್ ಮುಂದೂಡಿ. ಕ್ಲೋರಿನ್ ಹಾಕಿದ ನೀರಲ್ಲೂ ಕೆಲವು ಕ್ರಿಮಿ ದಿನಗಟ್ಟಲೆ ಬದುಕುತ್ತವೆ, ಪಕ್ಕದ ಮಗು ಒಂದು ಗುಟುಕು ನುಂಗಿದರೂ ಸಾಕು. ಕಾಲ್ಗೆಜ್ಜೆ, ಬಳೆ, ಕೊರಳ ಸರ ಮನೆಯಲ್ಲೇ ಬಿಚ್ಚಿಡಿ. ಕಿವಿಗೆ ನೀರು ಹೋದರೆ ತಲೆ ವಾಲಿಸಿ ಹೊರಗೆ ಬಿಡಿ, ಕಡ್ಡಿ ಹಾಕಬೇಡಿ.

ಹೋಗಿಬರುವುದು: ಮೆಟ್ರೋದಲ್ಲಿ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದವರೆಗೆ ಇದೆ, ಅಲ್ಲಿಂದ ಮುಂದೆ ಬಸ್ಸೋ ಆಟೋನೋ ನೋಡಿಕೊಳ್ಳಬೇಕು. ಡಿಸೆಂಬರ್, ಜನವರಿ ಶಾಲಾ ಪ್ರವಾಸದ ಕಾಲ, ನನಗೆ ಆ ಗಲಾಟೆ ಆಗಲ್ಲ. ನಮ್ಮವರಿಗೆ ಜನ ಜಾಸ್ತಿ ಇದ್ದಷ್ಟೂ ಖುಷಿ, ಅವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ.

ಉಳಿದುಕೊಳ್ಳಲು ಕೆಂಗೇರಿ ಕಡೆ ಒಂದು ಲಾಡ್ಜ್ ಮಾಡಿದ್ದೆವು, 3,200 ರೂಪಾಯಿ. "24 ಗಂಟೆ ಬಿಸಿನೀರು" ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದರು. ರಾತ್ರಿ ಎಂಟಕ್ಕೆ ಕ್ಲೋರಿನ್ ವಾಸನೆಯ ಮಕ್ಕಳನ್ನು ಎತ್ತಿಕೊಂಡು ಹೋಗಿ ನಲ್ಲಿ ತಿರುಗಿಸಿದರೆ ತಣ್ಣೀರು. ಕೇಳಿದರೆ "ಬೆಳಿಗ್ಗೆ ಆರರಿಂದ ಎಂಟು ಮೇಡಂ" ಅಂತೆ. ಕೊನೆಗೆ ಚಹಾ ಕಾಯಿಸುವ ಕೆಟಲ್‌ನಲ್ಲಿ ಏಳು ಸಲ ನೀರು ಕಾಯಿಸಿ ಬಕೆಟ್ಟಿಗೆ ಸುರಿದೆ. ಅಂಥ ದಿನದ ರಾತ್ರಿ ಮಕ್ಕಳಿಗೆ ಬಿಸಿನೀರು ಬಿಟ್ಟು ಬೇರೇನೂ ಬೇಡ. ರೂಮಿಗೆ ದುಡ್ಡು ಕೊಡುವ ಮುಂಚೆ ನಲ್ಲಿ ತಿರುಗಿಸಿ ನೋಡಿ.

ಬಿಡದಿಯ ತಟ್ಟೆ ಇಡ್ಲಿ ಮಾತ್ರ ತಪ್ಪಿಸಬೇಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿದರೆ ಬಿಡದಿ ಊರು ಸಿಗುವುದೇ ಇಲ್ಲ, ಬೈಪಾಸ್ ಆಗಿ ಹೋಗುತ್ತದೆ. ಹಳೇ ರಸ್ತೆಯಲ್ಲೇ ಬನ್ನಿ. ನಾವು ನಿಂತದ್ದು ಆರು ಟೇಬಲ್ಲಿನ ಪುಟ್ಟ ಹೋಟೆಲು, ಬೋರ್ಡಿನ ಅಕ್ಷರ ಅರ್ಧ ಅಳಿಸಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಪಾತ್ರೆಯಿಂದ ತಟ್ಟೆ ಸಮೇತ ಇಳಿಸಿದ ಇಡ್ಲಿ. ನಮ್ಮ ಬೆಣ್ಣೆ ದೋಸೆ ಊರಿನವಳು ಅಷ್ಟು ಸುಲಭಕ್ಕೆ ಹೊಗಳುವವಳಲ್ಲ, ಆದರೂ ಹೇಳುತ್ತೇನೆ, ಬೆರಳಿಟ್ಟರೆ ಗುಳಿ ಬಿದ್ದು ಮತ್ತೆ ಮೇಲೆ ಬರುತ್ತಿತ್ತು. ಮೇಲೊಂದು ಬೆಣ್ಣೆ ಉಂಡೆ, ಪಕ್ಕದಲ್ಲಿ ನೀರಾದ ಚಟ್ನಿ, ಕೇಳಿದಷ್ಟು. ಐದು ಜನಕ್ಕೆ ಕಾಫಿ ಸೇರಿ 300 ರೂಪಾಯಿ ದಾಟಲಿಲ್ಲ. ಮಕ್ಕಳಿಗೆ ಖಾರ ಆಗುತ್ತದೆ ಅಂತ ಹೋಟೆಲಿನ ಅಜ್ಜಿ ಕೇಳದೆಯೇ ಸಕ್ಕರೆ ತಂದಿಟ್ಟರು. ಒಂಬತ್ತಕ್ಕೆ ತಿಂದರೆ ನೀರಿಗೆ ಇಳಿಯುವ ಹೊತ್ತಿಗೆ ಹೊಟ್ಟೆ ಹಗುರಾಗಿರುತ್ತದೆ. ತಿಂದ ಕೂಡಲೇ ರೈಡ್ ಹತ್ತಿಸಿದರೆ ಏನಾಗುತ್ತದೆ ಅಂತ ನಮ್ಮ ಮುಂದಿನ ಸಾಲಿನ ಒಂದು ಮಗು ತೋರಿಸಿಕೊಟ್ಟಿತು. ಮಗಳು ಬೆಣ್ಣೆಯನ್ನಷ್ಟೇ ನೆಕ್ಕಿ, ಇಡ್ಲಿಯನ್ನು ಅಣ್ಣನ ತಟ್ಟೆಗೆ ದಾಟಿಸಿ, ಇನ್ನೊಂದು ಕೇಳಿದಳು. ಅಜ್ಜಿ ಇಡ್ಲಿ ಬಿಟ್ಟು ಬರೀ ಬೆಣ್ಣೆ ತಂದುಕೊಟ್ಟರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.